ಕ್ಯಾಪ್ಟನ್ ಜಯವರ್ಮರನ್ನು ಮನೆ ಬಿಡಿಸಿದ ಬಗೆ

ಶೇಷಪ್ಪ ಪೂಜಾರಿಯ ಮಗಳು ಸುರಕ್ಷಾ ವಿಮಾನ ಹಾರಿಸುವ ಪೈಲಟ್ ಎಂಬುದು ಪುಂಜಾಲಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ವಿಮಾನದಲ್ಲಿ ಇರುವುದಕ್ಕಿಂತ ಹೆಚ್ಚು ಹೊತ್ತು ಅಪ್ಪನ ಹೋಟೆಲಿನಲ್ಲಿ ಇರುತ್ತಾಳೆ ಎಂಬುದೂ ಗೊತ್ತಿತ್ತು. ಬಂಟ್ವಾಳ ಬೆಳ್ತಂಗಡಿ ರಸ್ತೆಯಲ್ಲಿ ಓಡಾಡುವ ಅರ್ಧ ಜನ ಶೇಷಪ್ಪ ಪೂಜಾರಿಯ ಹೋಟೆಲಿನಲ್ಲಿ ಗೋಳಿಬಜೆ ತಿಂದೇ ಮುಂದೆ ಹೋಗುವವರಾದ್ದರಿಂದ ಈ ಎರಡು ಸುದ್ದಿಗಳೂ ರಸ್ತೆಯ ಎರಡೂ ತುದಿಗೆ ತಲುಪಿದ್ದವು.

"ಎಂಥ ಪೈಲಟ್, ಇವತ್ತೂ ರಜೆಯಾ?" ಎಂದು ರಿಕ್ಷಾದ ಮೂಸಾ ದಿನಾ ಬೆಳಿಗ್ಗೆ ಕೇಳುತ್ತಿದ್ದ.

"ರಜೆ ಅಲ್ಲ ಮೂಸಾಕ. ಸ್ಟ್ಯಾಂಡ್‌ಬೈ."

"ಹಾಗಂದ್ರೆ?"

"ಕರೆದ್ರೆ ಹೋಗ್ಬೇಕು."

"ಕರೀತಾರಾ?"

ಸುರಕ್ಷಾ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಚಟ್ನಿ ಹಾಕಿ ಒಳಗೆ ಹೋಗುತ್ತಿದ್ದಳು. ಉಳಿದ ವಿವರಣೆಯನ್ನು ಗಲ್ಲೆಯಲ್ಲಿ ಕುಳಿತ ಶೇಷಪ್ಪ ಪೂಜಾರಿ ಕೊಡುತ್ತಿದ್ದರು. "ನೋಡು ಮೂಸಾ, ಬಸ್ಸಿನವನ ಹತ್ರ ಕಂಡಕ್ಟರು ಹತ್ತು ಜನ, ಡ್ರೈವರು ಇಬ್ಬರೇ ಅಂತ ಇಟ್ಟುಕೋ. ಎಷ್ಟು ಬಸ್ಸು ಹೊರಡ್ತದೆ? ಎರಡೇ. ಬಾಕಿ ಎಂಟು ಕಂಡಕ್ಟರು ಮನೆಯಲ್ಲಿ. ಇದೂ ಹಾಗೆಯೇ."

"ನಾನು ಕಂಡಕ್ಟರ್ ಅಲ್ಲ ಅಪ್ಪ," ಎಂದು ಅಡುಗೆಕೋಣೆಯಿಂದ ಸುರಕ್ಷಾಳ ಸ್ವರ ಬರುತ್ತಿತ್ತು.

"ಅವನಿಗೆ ಅರ್ಥ ಆಗ್ಲಿಕ್ಕೆ ಹೇಳಿದ್ದು ಮಗಾ."

ಅಪ್ಪನ ಹೋಲಿಕೆ ಅವಳಿಗೆ ಎಷ್ಟೇ ಸಿಟ್ಟು ಬರಿಸಿದರೂ ಲೆಕ್ಕ ಸರಿಯಾಗಿಯೇ ಇತ್ತು. ಅವಳಿದ್ದ ನೀಲಾಂಬರ ಏರ್ ಸಣ್ಣ ಕಂಪೆನಿ. ರೆಕ್ಕೆಯಲ್ಲಿ ಪಂಖ ತಿರುಗುವ ಎಪ್ಪತ್ತು ಸೀಟಿನ ವಿಮಾನಗಳನ್ನು ಮಂಗಳೂರಿನಿಂದ ಹುಬ್ಬಳ್ಳಿಗೆ, ಬೆಂಗಳೂರಿಗೆ, ಕೊಚ್ಚಿಗೆ ಹಾರಿಸುತ್ತಿತ್ತು. ಒಂದು ವಿಮಾನಕ್ಕೆ ಒಬ್ಬ ಕ್ಯಾಪ್ಟನ್, ಒಬ್ಬ ಸಹ ಪೈಲಟ್. ಎರಡು ವರ್ಷದ ಹಿಂದೆ ಕಂಪೆನಿ ದೊಡ್ಡದಾಗುತ್ತದೆ ಎಂದು ಸಹ ಪೈಲಟ್‌ಗಳನ್ನು ತಂಡ ತಂಡವಾಗಿ ಸೇರಿಸಿಕೊಂಡಿತು. ಅದೇ ಹೊತ್ತಿಗೆ ಜೆಟ್ ವಿಮಾನಗಳ ದೊಡ್ಡ ಕಂಪೆನಿಯೊಂದು ಬಂದು ಮೂರೇ ತಿಂಗಳಲ್ಲಿ ಒಂಬತ್ತು ಕ್ಯಾಪ್ಟನ್‌ಗಳನ್ನು ಎತ್ತಿಕೊಂಡು ಹೋಯಿತು. ಉಳಿದವರು ಹದಿನಾಲ್ಕು ಕ್ಯಾಪ್ಟನ್‌ಗಳು, ನಲವತ್ತೊಂದು ಸಹ ಪೈಲಟ್‌ಗಳು. ಇಬ್ಬರು ಸಹ ಪೈಲಟ್‌ಗಳು ಸೇರಿಕೊಂಡು ಪಕ್ಕದ ಪೊಳಲಿಯ ಮೇಲೆ ಒಂದು ಸುತ್ತು ಹಾಕಿ ಬರಲಿಕ್ಕೂ ಕಾನೂನು ಬಿಡುವುದಿಲ್ಲ.

ಹಾಗಾದರೆ ಸಹ ಪೈಲಟ್‌ಗಳನ್ನೇ ಕ್ಯಾಪ್ಟನ್ ಮಾಡಬಾರದೇ ಎಂದರೆ, ಅದಕ್ಕೆ ಸಾವಿರದ ಐನೂರು ಗಂಟೆ ಹಾರಿರಬೇಕು. ಸುರಕ್ಷಾಳದ್ದು ಸಾವಿರದ ನೂರ ಮೂವತ್ತು ಆಗಿತ್ತು. ತಿಂಗಳಿಗೆ ಹನ್ನೆರಡು ಗಂಟೆ ಸಿಕ್ಕಿದರೆ ಪುಣ್ಯ. ಗಂಟೆ ತುಂಬಿದವರ ಪಾಡೂ ಬೇರೆಯಿರಲಿಲ್ಲ. ಅವಳ ಜೊತೆಯ ಬಿ.ಸಿ. ರೋಡಿನ ನೌಫಲ್ ಸಾವಿರದ ಏಳುನೂರು ಗಂಟೆ ಹಾರಿ, ಪರೀಕ್ಷೆಯನ್ನೂ ಪಾಸು ಮಾಡಿ, ಏಳೆಂಟು ತಿಂಗಳಿಂದ ಮೆಲ್ಕಾರಿನಲ್ಲಿ ತನ್ನ ಮಾವನ ಟೈಲ್ಸ್ ಅಂಗಡಿಯಲ್ಲಿ ಕುಳಿತಿದ್ದ. ಕ್ಯಾಪ್ಟನ್ ಆಗಬೇಕಾದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಂಗಳುಗಟ್ಟಲೆ ತಿದ್ದಬೇಕಾದದ್ದು ತರಬೇತಿ ಕ್ಯಾಪ್ಟನ್. ಕಂಪೆನಿಯಲ್ಲಿ ಅಂಥವರು ಒಬ್ಬರೂ ಉಳಿದಿರಲಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ಸುರಕ್ಷಾ ಕಂಪೆನಿಯ ರೋಸ್ಟರ್ ವಿಭಾಗದ ಸಂದೇಶನಿಗೆ ಫೋನ್ ಮಾಡಿದಳು. ಯಾರು ಯಾವ ದಿನ ಎಲ್ಲಿಗೆ ಹಾರಬೇಕು ಎಂದು ಪಟ್ಟಿ ಮಾಡುವುದು ಸಂದೇಶನ ಕೆಲಸ. ನಲವತ್ತೊಂದು ಸಹ ಪೈಲಟ್‌ಗಳ ಬೈಗುಳ ತಿನ್ನುವುದೂ ಅವನದೇ ಕೆಲಸ.

"ಸಂದೇಶ್, ಈ ವಾರ ಎಂಥ ಉಂಟು ನನಗೆ?"

"ಗುರುವಾರ ಒಂದು ಹುಬ್ಬಳ್ಳಿ ಇತ್ತು."

"ಇತ್ತು ಅಂದ್ರೆ?"

"ಕ್ಯಾಪ್ಟನ್‌ಗೆ ಶೀತ."

ಸುರಕ್ಷಾ ಆ ಶೀತವನ್ನೂ ಸಂದೇಶನನ್ನೂ ಸೇರಿಸಿ ಬೈದಳು. ಸಂದೇಶ್ ಸ್ವರ ತಗ್ಗಿಸಿದ. "ನನ್ನ ತಲೆ ತಿಂದು ಪ್ರಯೋಜನ ಇಲ್ಲ ಮಾರಾಯ್ತಿ. ಒಬ್ಬ ತರಬೇತಿ ಕ್ಯಾಪ್ಟನ್ನನ್ನು ಹಿಡಿದು ತಾ. ವರ್ಷದೊಳಗೆ ಆರು ಜನ ಕ್ಯಾಪ್ಟನ್ ಆಗ್ತಾರೆ, ನಿಮಗೆಲ್ಲ ಹಾರ್ಲಿಕ್ಕೆ ಸಿಗ್ತದೆ."

"ಎಲ್ಲಿಂದ ಹಿಡಿದು ತರುವುದು?"

"ಮೂಡುಬಿದಿರೆಯಲ್ಲಿ ಒಬ್ಬರು ಸುಮ್ಮನೆ ಕೂತಿದ್ದಾರೆ. ಆದ್ರೆ ಅವರು ಬರುವ ಜನ ಅಲ್ಲ. ನಮ್ಮ ದೊಡ್ಡವರು ಮೂರು ಸಲ ಫೋನ್ ಮಾಡಿ ಮೂರು ಸಲವೂ ಬೈಸಿಕೊಂಡಿದ್ದಾರೆ."

ಹಾಗೆ ಸುಮ್ಮನೆ ಕುಳಿತಿದ್ದವರು ಕ್ಯಾಪ್ಟನ್ ಜಯವರ್ಮ. ವಯಸ್ಸು ಅರವತ್ತೊಂದು, ಅರವತ್ತೈದರವರೆಗೆ ಹಾರಲು ಕಾನೂನು ಬಿಡುತ್ತದೆ. ನೀಲಾಂಬರದಲ್ಲಿ ಅರ್ಧಕ್ಕರ್ಧ ಜನರನ್ನು ತಿದ್ದಿದವರು ಅವರೇ. ಹದಿನಾಲ್ಕು ತಿಂಗಳ ಹಿಂದೆ ಕಂಪೆನಿ, ಪ್ರಯಾಣಿಕರನ್ನು ನಗುಮುಖದಿಂದ ಬರಮಾಡಿಕೊಳ್ಳುವುದು ಹೇಗೆ ಎಂಬ ನಾಲ್ಕು ಗಂಟೆಯ ಪಾಠವನ್ನು ಕಂಪ್ಯೂಟರಿನಲ್ಲಿ ನೋಡಿ ಮುಗಿಸಬೇಕೆಂದು ಎಲ್ಲ ಕ್ಯಾಪ್ಟನ್‌ಗಳಿಗೂ ಆಜ್ಞೆ ಮಾಡಿತು. ಜಯವರ್ಮರು ಮಾರನೆಯ ದಿನ ಮೂರು ಸಾಲಿನ ರಾಜೀನಾಮೆ ಕಳಿಸಿದರು: "ನನಗೆ ವಿಮಾನ ಇಳಿಸಲು ಬರುತ್ತದೆ. ನಗಲು ಬರುವುದಿಲ್ಲ. ಬರುವವರನ್ನು ನೇಮಿಸಿಕೊಳ್ಳಿ."

ಸುರಕ್ಷಾ ಈ ಸಂಗತಿಯನ್ನು ನೌಫಲ್‌ಗೆ ಹೇಳಿದಾಗ ಅವನು ಟೈಲ್ಸ್ ಕ್ಯಾಟಲಾಗಿನಿಂದ ತಲೆ ಎತ್ತಲೂ ಇಲ್ಲ. "ನಾನು ಅವರ ಜೊತೆ ಹಾರಿದ್ದೇನೆ. ಕಲ್ಲು. ನೀನು ಹೋಗು, ಚಾ ಕುಡಿದು ಬಾ. ಬರುವಾಗ ಮೂಡುಬಿದಿರೆಯಲ್ಲಿ ಯಾರಾದ್ರೂ ಮನೆ ಕಟ್ಟಿಸ್ತಾ ಇದ್ರೆ ನನ್ನ ನಂಬರ್ ಕೊಡು."

ಮಂಗಳವಾರ ನಾಲ್ಕು ಗಂಟೆಗೆ ಸುರಕ್ಷಾಳ ಸ್ಕೂಟರ್ ಮೂಡುಬಿದಿರೆಯ ಜೈನಪೇಟೆಯಲ್ಲಿ ಜಯವರ್ಮರ ಮನೆಯೆದುರು ನಿಂತಿತು. ತೆರೆದುಕೊಂಡ ಬಾಗಿಲಿನ ಒಳಬದಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ ಅಂಟಿಸಿತ್ತು. 'ಹೊರಡುವ ಮೊದಲು' ಎಂದು ಮೇಲೆ ಬರೆದು ಕೆಳಗೆ ಗ್ಯಾಸು, ಪಂಪು, ಹಿಂಬಾಗಿಲು, ಕನ್ನಡಕ, ಕೊಡೆ ಎಂದು ಹನ್ನೆರಡು ಬಾಬ್ತುಗಳಿದ್ದವು. ಬಾಗಿಲು ತೆರೆದದ್ದು ಅವರ ಹೆಂಡತಿ ಯಶೋಧಾ. ಬಿಳಿಕೂದಲಿನ, ಕಣ್ಣಿನಲ್ಲಿ ಸದಾ ಏನೋ ಲೆಕ್ಕ ನಡೆಯುತ್ತಿರುವ ಹೆಂಗಸು.

ಜಯವರ್ಮರು ಜಗಲಿಯ ಕುರ್ಚಿಯಲ್ಲಿ ನೇರ ಕುಳಿತಿದ್ದರು. ಸುರಕ್ಷಾ ತಾನು ನೀಲಾಂಬರದ ಸಹ ಪೈಲಟ್ ಎಂದೂ, ಕ್ಯಾಪ್ಟನ್ ಪರೀಕ್ಷೆಗೆ ಓದುತ್ತಿದ್ದೇನೆಂದೂ, ಸ್ವಲ್ಪ ಹೇಳಿಕೊಟ್ಟರೆ ಉಪಕಾರವಾಗುತ್ತದೆಂದೂ ಹೇಳಿದಳು.

"ನಿಮ್ಮನ್ನು ಕಂಪೆನಿ ಕಳಿಸಿದ್ದಾ?"

"ಅಲ್ಲ ಸರ್. ನಾನೇ ಬಂದದ್ದು."

"ಹಾಗಾದ್ರೆ ಹೇಳಿಕೊಡ್ತೇನೆ. ವಾಪಸ್ ಬನ್ನಿ ಅಂತ ಒಂದು ಮಾತು ಬಂದ್ರೆ ಆ ದಿನವೇ ನಿಮ್ಮ ಪಾಠ ಮುಗೀತು. ಮಂಗಳವಾರ, ಶುಕ್ರವಾರ. ನಾಲ್ಕರಿಂದ ಐದೂವರೆ. ಐದೂವರೆ ಅಂದ್ರೆ ಐದೂವರೆ. ಇವತ್ತು ಸೂರ್ಯಾಸ್ತ ಆರು ಮೂವತ್ತೇಳಕ್ಕೆ. ನಾವು ಜೈನರು, ಆರು ಹದಿನೈದಕ್ಕೆ ಊಟಕ್ಕೆ ಕೂರ್ತೇವೆ."

"ನಿನ್ನೆ ಆರು ಹದಿನೇಳಕ್ಕೆ ಕೂತೆವು," ಎಂದರು ಯಶೋಧಾ. "ಪಲ್ಯ ಬೇಯಲಿಲ್ಲ. ಇವರು ಅದನ್ನು ಬರೆದಿಟ್ಟಿದ್ದಾರೆ."

ಚಾ ಮಾಡುವ ನೆಪದಲ್ಲಿ ಯಶೋಧಾ ಸುರಕ್ಷಾಳನ್ನು ಅಡುಗೆಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಓರೆ ಮಾಡಿ, "ನೀನು ನಿಜಕ್ಕೂ ಬಂದದ್ದು ಎಂಥಕ್ಕೆ?" ಎಂದು ಕೇಳಿದರು.

ಸುರಕ್ಷಾಳಿಗೆ ಆ ಕಣ್ಣುಗಳ ಮುಂದೆ ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಹದಿನಾಲ್ಕು, ನಲವತ್ತೊಂದು, ಗೋಳಿಬಜೆ, ಮೂಸಾ, ಎಲ್ಲವನ್ನೂ ಹೇಳಿದಳು. ಯಶೋಧಾ ಕೇಳುತ್ತ ಕೇಳುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದರು.

"ದೇವರೇ ಕಳಿಸಿದ್ದು ನಿನ್ನನ್ನು. ಮೂವತ್ತನಾಲ್ಕು ವರ್ಷ ಇವರು ತಿಂಗಳಿಗೆ ಹತ್ತು ದಿನ ಮನೆಯಲ್ಲಿ ಇದ್ದವರು. ನಮ್ಮಿಬ್ಬರ ನಡುವೆ ಒಂದು ಜಗಳ ಇರ್ಲಿಲ್ಲ. ಈಗ ಮೂವತ್ತು ದಿನವೂ ಇಲ್ಲಿಯೇ. ನನ್ನದೊಂದು ಹೊಲಿಗೆ ಕ್ಲಾಸು ಉಂಟು, ಮುಂದಿನ ಕೋಣೆಯಲ್ಲಿ. ಇವರು ದಿನಾ ಕ್ಲಾಸು ಶುರುವಾಗುವ ಮೊದಲು ಬಂದು ನಿಂತು, ಬೆಂಕಿ ಬಿದ್ರೆ ಯಾವ ಬಾಗಿಲಿನಿಂದ ಓಡ್ಬೇಕು ಅಂತ ಎರಡೂ ಕೈಯಲ್ಲಿ ತೋರಿಸ್ತಾರೆ. ಏಳು ಜನ ಇದ್ದರು, ಈಗ ನಾಲ್ಕು ಜನ. ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಕೂಡ ಇವರನ್ನು ನೋಡಿದ್ರೆ ಗಡಿಯಾರ ನೋಡಿಕೊಳ್ತಾರೆ, ಪೂಜೆಗೆ ಎರಡು ನಿಮಿಷ ತಡವಾಯಿತಾ ಅಂತ."

"ಹಾಗಾದ್ರೆ ನೀವೇ ಒಂದು ಮಾತು ಹೇಳಿ ಅಕ್ಕ, ವಾಪಸ್ ಹೋಗಿ ಅಂತ."

"ಬಾ ಅಂದ್ರೆ ಬರುವ ಜನ ಅಲ್ಲ, ಹೋಗು ಅಂದ್ರೆ ಹೋಗುವ ಜನವೂ ಅಲ್ಲ. ಇವರಿಗೆ ತಡೀಲಿಕ್ಕೆ ಆಗದ್ದು ಒಂದೇ. ಯಾರಾದ್ರೂ ತಪ್ಪಾಗಿ ಮಾಡುವುದು." ಯಶೋಧಾ ಚಾದ ನೀರಿಗೆ ಶುಂಠಿ ಜಜ್ಜಿ ಹಾಕಿದರು. "ನೀನು ಪ್ರತಿ ಪಾಠದಲ್ಲಿ ಒಂದೊಂದು ತಪ್ಪು ಹೇಳು. ಇವರು ತಿದ್ದಿದ್ರೆ, ಈಗ ಕಂಪೆನಿಯಲ್ಲಿ ಹೀಗೆಯೇ ಹೇಳಿಕೊಡ್ತಾರೆ ಅನ್ನು."

"ಯಾರು ಹೇಳಿಕೊಡುವುದು ಅಂತ ಕೇಳಿದ್ರೆ? ಇನ್ನೊಬ್ಬರ ಹೆಸರು ಕೆಡಿಸ್ಲಿಕ್ಕೆ ನನಗೆ ಮನಸ್ಸಿಲ್ಲ."

"ಹೆಸರು ಹೇಳ್ಬೇಡ. ಹೇಳ್ತಾರೆ ಅಂತ ಮಾತ್ರ ಹೇಳು. ಒತ್ತಾಯ ಮಾಡಿದ್ರೆ ತಲೆಯೆತ್ತಿ ಹೆಂಚಿನ ಮಾಡು ನೋಡು."

ಮೊದಲ ಸುಳ್ಳು ಶುಕ್ರವಾರವೇ ಹುಟ್ಟಿತು. ಮೋಡದೊಳಗೆ ರೆಕ್ಕೆಯ ಮೇಲೆ ಹಿಮ ಕಟ್ಟುವ ವಿಷಯ ಬಂತು. ಸುರಕ್ಷಾ ಗಂಟಲು ಸರಿಮಾಡಿಕೊಂಡು, ಹಿಮ ದಪ್ಪಗಾಗುವವರೆಗೆ ಕಾಯಬೇಕು, ಆಮೇಲೆ ಸ್ವಿಚ್ ಹಾಕಿದರೆ ಒಂದೇ ಸಲಕ್ಕೆ ಉದುರುತ್ತದೆ ಎಂದಳು.

ಜಯವರ್ಮರು ಕನ್ನಡಕ ತೆಗೆದರು. "ಏನು ಹೇಳಿದಿರಿ?"

"ಈಗ ಹಾಗೆಯೇ ಹೇಳಿಕೊಡ್ತಾರೆ ಸರ್."

"ಯಾರು?"

ಸುರಕ್ಷಾ ಮಾಡು ನೋಡಿದಳು. ಹೆಂಚಿನ ಸಂದಿಯಲ್ಲಿ ಒಂದು ಹಲ್ಲಿ ಇತ್ತು. ಜಯವರ್ಮರು ಎದ್ದು ಒಳಗೆ ಹೋಗಿ ಒಂದು ನೋಟ್‌ಪುಸ್ತಕ ತಂದರು, ಕೆಂಪು ಪೆನ್ನಿನಲ್ಲಿ ತಾರೀಕು ಹಾಕಿ ಬರೆದುಕೊಂಡರು. ಅಡುಗೆಕೋಣೆಯಲ್ಲಿ ಯಾವುದೋ ಪಾತ್ರೆ ಸಂತೋಷದಿಂದ ಸದ್ದು ಮಾಡಿತು.

ಆಮೇಲೆ ಸುಳ್ಳು ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಚೆಕ್‌ಲಿಸ್ಟನ್ನು ಓದಬೇಕಾಗಿಲ್ಲ, ಬಾಯಿಪಾಠ ಇದ್ದರೆ ಸಾಕಂತೆ ಎಂದ ದಿನ ಜಯವರ್ಮರು ಚಾವನ್ನು ಮುಟ್ಟಲಿಲ್ಲ. ಚಕ್ರ ರನ್‌ವೇಗೆ ತಡವಾಗಿ ತಾಗಿದರೂ ಪರವಾಗಿಲ್ಲ, ಬ್ರೇಕು ಗಟ್ಟಿಯಾಗಿ ಒತ್ತಿದರಾಯಿತಂತೆ ಎಂದ ದಿನ ಅವರು ಎದ್ದು ಬೀದಿಯ ತುದಿಯವರೆಗೆ ನಡೆದು ಹೋಗಿ ವಾಪಸ್ ಬಂದರು. ಆ ಸಂಜೆ ಅವರು ಊಟಕ್ಕೆ ಕುಳಿತದ್ದು ಆರು ಇಪ್ಪತ್ತೊಂದಕ್ಕೆ, ಅದನ್ನು ಎಲ್ಲಿಯೂ ಬರೆದಿಡಲಿಲ್ಲ ಎಂದು ಯಶೋಧಾ ಫೋನ್ ಮಾಡಿ ತಿಳಿಸಿದರು.

ಇದರ ನಡುವೆ ಅವಳು ನಿಜವಾದ ಪಾಠವನ್ನೂ ಕಲಿಯುತ್ತಿದ್ದಳು, ಅದೇ ಅವಳಿಗೆ ತೊಡಕಾಯಿತು. ಜಯವರ್ಮರು ಹೇಳಿಕೊಡುವ ರೀತಿ ಬೇರೆ. ಮೇಜಿನ ಮೇಲೆ ಎರಡು ತಟ್ಟೆ, ಒಂದು ಚಮಚ ಇಟ್ಟುಕೊಂಡು, ಒಂದು ಎಂಜಿನ್ ನಿಂತಾಗ ವಿಮಾನ ಯಾವ ಕಡೆ ಎಳೆಯುತ್ತದೆ, ಕಾಲು ಎಲ್ಲಿರಬೇಕು ಎಂದು ತೋರಿಸುತ್ತಿದ್ದರು. ಅವಳಿಗೆ ನಾಲ್ಕು ವರ್ಷದಲ್ಲಿ ಅರ್ಥವಾಗದ್ದು ನಾಲ್ಕು ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಅಂಥ ಪಾಠದ ಕೊನೆಗೆ ಒಂದು ಸುಳ್ಳನ್ನು ಹೆಣೆದು ಹೇಳುವಾಗ ಅವಳು ಅವರ ಮುಖದ ಬದಲು ಚಮಚವನ್ನು ನೋಡುತ್ತಿದ್ದಳು. ಆದರೂ ಹೇಳುತ್ತಿದ್ದಳು.

ಆರನೆಯ ವಾರಕ್ಕೆ ಕೆಂಪು ಪಟ್ಟಿಯಲ್ಲಿ ಹನ್ನೊಂದು ತಪ್ಪುಗಳಾದವು. ಹನ್ನೊಂದನೆಯದನ್ನು ಬರೆದ ಜಯವರ್ಮರು ಪೆನ್ನಿನ ಮುಚ್ಚಳ ಹಾಕಿ, "ನಾಳೆ ಪಾಠ ಇಲ್ಲ," ಎಂದರು. ಮಾರನೆಯ ದಿನ ಶನಿವಾರ, ಹೇಗೂ ಪಾಠ ಇರಲಿಲ್ಲ. ಸಿಟ್ಟಿನಲ್ಲಿ ಅವರು ವಾರವನ್ನೇ ಮರೆತಿದ್ದರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸುರಕ್ಷಾ ಹೋಟೆಲಿನಲ್ಲಿ ಬನ್ಸ್ ಕರಿಯುತ್ತಿದ್ದಾಗ ಸಂದೇಶನ ಫೋನ್ ಬಂತು. ಅವನು ಪಿಸುಗುಟ್ಟುತ್ತಿದ್ದ.

"ಬಂದಿದ್ದಾರೆ."

"ಯಾರು?"

"ನಿನ್ನ ಜಯವರ್ಮರು. ಕೈಯಲ್ಲಿ ಒಂದು ಪುಸ್ತಕ ಉಂಟು. ದೊಡ್ಡವರ ಕೋಣೆಯಲ್ಲಿ ಒಂದೊಂದೇ ಓದ್ತಿದ್ದಾರೆ. ಹೊರಗೆ ಕೇಳ್ತದೆ. ನೀನು ಎಂಥ ಮಾಡಿದ್ದು ಮಾರಾಯ್ತಿ?"

ಸುರಕ್ಷಾ ಒಂದು ಬನ್ಸನ್ನು ಪೂರ್ತಿ ಕಪ್ಪಾಗಿಸಿದಳು. ಇಷ್ಟು ದಿನ ಅವಳ ಯೋಚನೆ ಜಯವರ್ಮರು ಸಿಟ್ಟಿಗೇಳುವವರೆಗೆ ಮಾತ್ರ ಹೋಗಿತ್ತು. ಸಿಟ್ಟಿಗೆದ್ದವರು ಕಾರು ಹತ್ತಿ ಬಜಪೆಯ ಕಂಪೆನಿ ಕಚೇರಿಗೆ ಹೋಗುತ್ತಾರೆ, ಅಲ್ಲಿ ಇನ್ನೊಬ್ಬರ ಮುಖ ನೋಡಿ ಪ್ರಶ್ನೆ ಕೇಳುತ್ತಾರೆ ಎಂಬುದು ಅವಳಿಗೂ ಯಶೋಧಕ್ಕನಿಗೂ ಹೊಳೆದೇ ಇರಲಿಲ್ಲ.

ಮುಕ್ಕಾಲು ಗಂಟೆ ಕಳೆದು ಸಂದೇಶ್ ಮತ್ತೆ ಫೋನ್ ಮಾಡಿದ, ಈ ಸಲ ಮಾಮೂಲಿ ಸ್ವರದಲ್ಲಿ. ಹನ್ನೊಂದನ್ನೂ ಓದಿ ಮುಗಿಸಿದ ಜಯವರ್ಮರು, ಇದನ್ನೆಲ್ಲ ಮಕ್ಕಳಿಗೆ ಕಲಿಸಿದ ಆ ತರಬೇತಿ ಕ್ಯಾಪ್ಟನ್ ಯಾರು, ಈಗಲೇ ಕರೆಸಿ ಎಂದರಂತೆ. ದೊಡ್ಡವರು ಕಕ್ಕಾಬಿಕ್ಕಿಯಾಗಿ, "ಸರ್, ತಪ್ಪು ಕಲಿಸ್ಲಿಕ್ಕೆ ಮೊದಲು ಕಲಿಸುವವರು ಬೇಕಲ್ಲ? ನಮ್ಮಲ್ಲಿ ಎಂಟು ತಿಂಗಳಿಂದ ಒಂದು ಪಾಠವೂ ಆಗಿಲ್ಲ," ಎಂದರಂತೆ.

"ಮತ್ತೆ?"

"ಮತ್ತೆ ಎಂಥ ಇಲ್ಲ. ಸೀದಾ ನನ್ನ ಮೇಜಿಗೆ ಬಂದು ರೋಸ್ಟರ್ ತೋರಿಸು ಅಂದರು. ನಲವತ್ತೊಂದು ಹೆಸರನ್ನೂ ಬೆರಳಿಟ್ಟು ನೋಡಿದರು. ಯಾರು ಯಾವಾಗ ಸೇರಿದ್ದು, ಈ ತಿಂಗಳು ಎಷ್ಟು ಗಂಟೆ ಅಂತ ಕೇಳಿದರು. ಪುಸ್ತಕ ಮುಚ್ಚಿ ಹೋದರು."

ಹನ್ನೆರಡೂವರೆಗೆ ಯಶೋಧಾ ಫೋನ್ ಮಾಡಿದರು. "ನಾಲ್ಕು ಗಂಟೆಗೆ ಬರ್ಬೇಕಂತೆ. ಹೆಲ್ಮೆಟ್ ತೆಗೀದೆ ಒಳಗೆ ಬಾ."

ಜಗಲಿಯಲ್ಲಿ ಜಯವರ್ಮರು ಅದೇ ಕುರ್ಚಿಯಲ್ಲಿ ಕುಳಿತಿದ್ದರು. ಸ್ಟೂಲಿನ ಮೇಲೆ ನೋಟ್‌ಪುಸ್ತಕ ತೆರೆದಿತ್ತು. ಸುರಕ್ಷಾಳಿಗೆ ಕೂರಲು ಹೇಳಲಿಲ್ಲ. ಇಷ್ಟು ದಿನದ 'ನೀವು' ಕೂಡ ಹೊರಟುಹೋಗಿತ್ತು.

"ಹನ್ನೊಂದು ತಪ್ಪು. ಹನ್ನೊಂದನ್ನೂ ನೀನೇ ಹುಟ್ಟಿಸಿದ್ದಾ?"

ಸುರಕ್ಷಾ ಪಟ್ಟಿ ನೋಡಿದಳು. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಆರು ವಾರ ಸುಳ್ಳು ಹೇಳಿ ಸಾಕಾಗಿತ್ತು. "ಒಂಬತ್ತು ಸರ್."

"ಬಾಕಿ ಎರಡು?"

"ಅವು ನನಗೆ ನಿಜವಾಗಿ ಗೊತ್ತಿರ್ಲಿಲ್ಲ."

ಜಯವರ್ಮರು ಅವಳನ್ನೇ ನೋಡಿದರು. "ಯಾವುದು?"

ಅವಳು ಬೆರಳಿಟ್ಟು ತೋರಿಸಿದಳು. ಅಡ್ಡಗಾಳಿ ಬೀಸುವಾಗ ಇಳಿಯುವ ಲೆಕ್ಕ ಒಂದು. ಕಡು ಬಿಸಿಲಿನ ದಿನ ಎಷ್ಟು ತೂಕ ಬಿಟ್ಟು ಹೊರಡಬೇಕು ಎಂಬುದು ಇನ್ನೊಂದು.

"ಒಂಬತ್ತು ಸುಳ್ಳನ್ನು ನಾನು ಮರೀಬಹುದು," ಎಂದರು ಜಯವರ್ಮರು. ಸ್ವರ ಏರಿರಲಿಲ್ಲ, ಅದೇ ಹೆದರಿಸುವಂತಿತ್ತು. "ಈ ಎರಡನ್ನು ಹೇಗೆ ಮರೆಯುವುದು? ಸಾವಿರದ ನೂರು ಗಂಟೆ ಹಾರಿದವಳು. ಇದು ಗೊತ್ತಿಲ್ಲದೆ ಜನರನ್ನು ಕೂರಿಸಿಕೊಂಡು ಹೋಗ್ತಾ ಇದ್ದೆಯಾ?"

"ಕ್ಯಾಪ್ಟನ್ ನೋಡಿಕೊಳ್ತಿದ್ದರು ಸರ್. ನಾನು ಕೇಳುವ ಅಂತ ಇದ್ದೆ. ಅವರಿಗೆ ಒಂದರ ಹಿಂದೆ ಒಂದು ವಿಮಾನ, ಇಳಿದ ಕೂಡಲೇ ಇನ್ನೊಂದಕ್ಕೆ ಓಡ್ತಾರೆ. ಕೇಳ್ಲಿಕ್ಕೆ ಯಾರೂ ಇರ್ಲಿಲ್ಲ."

ಜಯವರ್ಮರು ಬೀದಿಯಲ್ಲಿ ಹೋದ ಒಂದು ಸೈಕಲ್ಲನ್ನು ಅದು ಮರೆಯಾಗುವವರೆಗೆ ನೋಡಿದರು. "ನಾನು ಒಂಬತ್ತು ವರ್ಷ ಸಹ ಪೈಲಟ್ ಆಗಿದ್ದೆ," ಎಂದರು ಕೊನೆಗೆ. "ಆಗ ಕ್ಯಾಪ್ಟನ್‌ಗಳು ತುಂಬಿ ತುಳುಕ್ತಿದ್ದರು. ಒಬ್ಬ ಸತ್ತರೆ ಒಬ್ಬ ಮೇಲೆ ಹೋಗುವುದು. ನನ್ನ ಸೀನಿಯರ್ ಒಬ್ಬರಿಗೆ ಕೆಮ್ಮು ಬಂದಾಗ ನನಗೆ ಖುಷಿ ಆಗಿತ್ತು. ಈಗ ನೆನೆದ್ರೆ ನಾಚಿಕೆ ಆಗ್ತದೆ." ಪುಸ್ತಕ ಮುಚ್ಚಿದರು. "ಈ ಉಪಾಯ ನಿನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಯಾರದ್ದು?"

ಸುರಕ್ಷಾ ಅಭ್ಯಾಸ ಬಲದಿಂದ ಮಾಡು ನೋಡಿದಳು. ಜಯವರ್ಮರು ಮಾಡು ನೋಡದೆ ಅಡುಗೆಕೋಣೆಯ ಬಾಗಿಲು ನೋಡಿದರು. ಅಲ್ಲಿ ಅಷ್ಟು ಹೊತ್ತು ನಡೆಯುತ್ತಿದ್ದ ತೆಂಗಿನಕಾಯಿ ತುರಿಯುವ ಸದ್ದು ನಿಂತುಹೋಯಿತು. ಯಶೋಧಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನನ್ನದು."

"ಎಂಥಕ್ಕೆ?"

"ನನ್ನ ಕ್ಲಾಸಿನಲ್ಲಿ ಇನ್ನು ನಾಲ್ಕೇ ಜನ ಉಳಿದಿದ್ದಾರೆ."

ಜಯವರ್ಮರ ತುಟಿಯ ಎಡತುದಿ ಸ್ವಲ್ಪ ಅಲುಗಿತು. ಅದು ನಗುವಾಗಿತ್ತೇ ಎಂದು ಸುರಕ್ಷಾ ಆಮೇಲೆ ಬಹಳ ಸಲ ಯೋಚಿಸಿದ್ದಾಳೆ, ತೀರ್ಮಾನಕ್ಕೆ ಬರಲಾಗಿಲ್ಲ.

ಸೋಮವಾರ ಅವರು ವಾಪಸ್ ಬರುತ್ತೇನೆಂದು ಕಂಪೆನಿಗೆ ಬರೆದ ಪತ್ರದಲ್ಲಿ ಮೂರು ಷರತ್ತುಗಳಿದ್ದವು. ನಗುವ ಪಾಠಕ್ಕೆ ತನ್ನನ್ನು ಕರೆಯಬಾರದು. ಸೂರ್ಯಾಸ್ತದ ಮೊದಲು ಊಟ ಮಾಡಲು ಆಗುವಂತೆ ರೋಸ್ಟರ್ ಹಾಕಬೇಕು. ಮೂರನೆಯದರ ಕೆಳಗೆ ಮಾತ್ರ ಗೆರೆ ಎಳೆದಿದ್ದರು: ಕ್ಯಾಪ್ಟನ್ ತರಬೇತಿ ತಕ್ಷಣ ಶುರುವಾಗಬೇಕು, ಸೇರಿದ ತಾರೀಕಿನ ಪ್ರಕಾರ, ಅರ್ಹರಾದ ಮೊದಲ ಆರು ಜನರಿಂದ, ಯಾರ ಶಿಫಾರಸನ್ನೂ ಕೇಳದೆ. ಕಂಪೆನಿ ಒಂದು ಗಂಟೆಯೊಳಗೆ ಒಪ್ಪಿತು. ಸಂದೇಶನ ಪ್ರಕಾರ ದೊಡ್ಡವರು ಪತ್ರವನ್ನು ಪೂರ್ತಿ ಓದುವ ಮೊದಲೇ ಒಪ್ಪಿದ್ದರು.

ಸುರಕ್ಷಾ ಆ ದಿನ ಹೋಟೆಲಿನಲ್ಲಿ ಮೂಸಾನನ್ನು ತಾನೇ ಕರೆದು ಗೋಳಿಬಜೆ ಕೊಟ್ಟಳು. ಸಂಜೆ ಸಂದೇಶನಿಗೆ ಫೋನ್ ಮಾಡಿದಳು.

"ಸೇರಿದ ತಾರೀಕಿನ ಪ್ರಕಾರ ನಾನು ಎಷ್ಟನೆಯವಳು?"

"ಹತ್ತೊಂಬತ್ತು."

"ನೌಫಲ್?"

"ಐದು."

ನೌಫಲ್‌ಗೆ ತರಬೇತಿಯ ಪತ್ರ ಬಂದದ್ದು ಟೈಲ್ಸ್ ಅಂಗಡಿಯ ವಿಳಾಸಕ್ಕೆ. ಆರು ವಾರ ಅವಳನ್ನು ಗೇಲಿ ಮಾಡಿದವನು, ಒಂದು ದಿನವೂ ಮೂಡುಬಿದಿರೆಯ ದಾರಿ ಹಿಡಿಯದವನು, ಪತ್ರ ಓದಿ ಅವಳಿಗೆ ಫೋನ್ ಮಾಡಿದ. "ಸುರಕ್ಷಾ, ನೀನು ಚಾ ಕುಡಿದು ಬಂದದ್ದು ಒಳ್ಳೆಯದಾಯ್ತು." ಅವಳು ಫೋನ್ ಇಟ್ಟಳು. ಮೂರು ದಿನ ಅವನ ಹೆಸರು ಎತ್ತಲಿಲ್ಲ.

ಶುಕ್ರವಾರ ಅಭ್ಯಾಸದಂತೆ ಮೂಡುಬಿದಿರೆಗೆ ಹೋದಾಗ ಜಯವರ್ಮರು ಅವಳ ಮುಖ ನೋಡಿಯೇ ವಿಷಯ ತಿಳಿದರು. "ನಿನಗೆ ಗಂಟೆಯೂ ತುಂಬಿಲ್ಲ, ಸಾಲೂ ಮುರಿಯುವುದಿಲ್ಲ. ನಿನಗಾಗಿ ಮುರಿದ್ರೆ ನಾಳೆ ಇನ್ನೊಬ್ಬಳಿಗಾಗಿ ನಿನ್ನನ್ನು ಹಿಂದೆ ಹಾಕ್ತಾರೆ."

"ನಾನು ಏನೂ ಕೇಳ್ಲಿಲ್ಲ ಸರ್."

"ಕೇಳುವ ಮುಖ ಮಾಡಿದ್ದೀ. ಕುಳಿತುಕೋ. ಅಡ್ಡಗಾಳಿ ತೆಗೆಯುವ."

ಜಯವರ್ಮರಿಗೆ ವೈದ್ಯಕೀಯ ಪರೀಕ್ಷೆ ಆಯಿತು, ಹೈದರಾಬಾದಿನಲ್ಲಿ ಸಿಮ್ಯುಲೇಟರಿನ ಪರೀಕ್ಷೆ ಆಯಿತು, ಜೂನ್ ತಿಂಗಳಲ್ಲಿ ಮತ್ತೆ ಹಾರಲು ಶುರು ಮಾಡಿದರು. ಅವರು ವಾಪಸ್ ಬಂದ ಸುದ್ದಿ ಕೇಳಿ ಇನ್ನೂ ಇಬ್ಬರು ನಿವೃತ್ತ ಕ್ಯಾಪ್ಟನ್‌ಗಳು, ಒಬ್ಬರು ಕಾರ್ಕಳದವರು, ಒಬ್ಬರು ಕಾಸರಗೋಡಿನವರು, ತಾವೂ ಬರುತ್ತೇವೆಂದರು. ಅವರ ಹೆಂಡತಿಯರ ಜೊತೆ ಯಶೋಧಾ ಫೋನಿನಲ್ಲಿ ಮಾತನಾಡಿದ್ದರು ಎಂಬುದು ಸುರಕ್ಷಾಳಿಗೆ ಬಹಳ ತಡವಾಗಿ ಗೊತ್ತಾಯಿತು. ಹೊಲಿಗೆ ಕ್ಲಾಸು ಹನ್ನೊಂದು ಜನಕ್ಕೆ ಏರಿತು, ಒಂದು ಮೆಷಿನ್ ಹೊಸದಾಗಿ ತರಬೇಕಾಯಿತು.

ಸುರಕ್ಷಾಳಿಗೆ ಮಳೆಗಾಲದ ಹೊತ್ತಿಗೆ ತಿಂಗಳಿಗೆ ಮೂವತ್ತು ಗಂಟೆ ಸಿಗಲಾರಂಭಿಸಿತು, ದೀಪಾವಳಿಯ ಹೊತ್ತಿಗೆ ಅರವತ್ತು. ಹೋಟೆಲಿಗೆ ಬರುವವರು, "ಮಗಳು ಎಲ್ಲಿ ಕಾಣುವುದೇ ಇಲ್ಲ?" ಎಂದು ಕೇಳತೊಡಗಿದರು. ಶೇಷಪ್ಪ ಪೂಜಾರಿ ಗೋಳಿಬಜೆಗೆ ಬೇರೆ ಜನ ಇಟ್ಟುಕೊಂಡರು, ಆದರೆ ಹಿಟ್ಟು ಹದವಾಗುವುದಿಲ್ಲ ಎಂದು ದಿನಾ ಗೊಣಗಿದರು.

ಜನವರಿಯಲ್ಲಿ ನೌಫಲ್ ಕ್ಯಾಪ್ಟನ್ ಆದ. ತಾನು ಮೊದಲ ಬಾರಿ ಸ್ವಂತವಾಗಿ ಹೊರಡುವ ಹುಬ್ಬಳ್ಳಿಯ ಬೆಳಗಿನ ವಿಮಾನಕ್ಕೆ ಸಹ ಪೈಲಟ್ ಯಾರು ಎಂದು ಅವನು ರೋಸ್ಟರ್ ನೋಡಿದಾಗ ಅಲ್ಲಿ 'ಸುರಕ್ಷಾ' ಎಂದಿತ್ತು. ಸಂದೇಶನಿಗೂ ತಮಾಷೆ ಬೇಕಿತ್ತೇನೋ.

"ಗುಡ್ ಮಾರ್ನಿಂಗ್ ಕ್ಯಾಪ್ಟನ್," ಎಂದಳು ಸುರಕ್ಷಾ, ಬಲಗಡೆಯ ಸೀಟಿನಲ್ಲಿ ಬೆಲ್ಟು ಬಿಗಿಯುತ್ತ.

"ಹಾಗೆ ಕರೀಬೇಡ ಮಾರಾಯ್ತಿ. ಹೆದರಿಕೆ ಆಗ್ತದೆ." ಎಡಗಡೆಯ ಸೀಟಿನಲ್ಲಿ ನೌಫಲ್‌ನ ಹಣೆ ಬೆವರಿತ್ತು. ಹೊಸ ಅಂಗಿಯ ಭುಜದಲ್ಲಿ ನಾಲ್ಕು ಪಟ್ಟೆಗಳು ಹೊಳೆಯುತ್ತಿದ್ದವು.

ಅವನು ವಿಮಾನವನ್ನು ಚೆನ್ನಾಗಿಯೇ ಎತ್ತಿದ. ಘಟ್ಟದ ಮೇಲೆ ಬೆಳಿಗ್ಗೆಯ ಬಿಸಿಲು, ಕೆಳಗೆ ಬಿಳಿ ಮಂಜು. ಎತ್ತರಕ್ಕೆ ತಲುಪಿದ ಮೇಲೆ ಪ್ರಯಾಣಿಕರಿಗೆ ನಾಲ್ಕು ಮಾತು ಹೇಳಬೇಕು. ನೌಫಲ್ ಮೈಕಿನ ಗುಂಡಿ ಒತ್ತಿ, ಆರು ವರ್ಷ ಬಾಯಿಗೆ ಹತ್ತಿದ್ದನ್ನೇ ಹೇಳಿಬಿಟ್ಟ. "ಎಲ್ಲರಿಗೂ ಶುಭೋದಯ. ನಾನು ನಿಮ್ಮ ಸಹ ಪೈಲಟ್ ನೌಫಲ್ ಮಾತನಾಡುತ್ತಿದ್ದೇನೆ." ಹೇಳಿದ್ದು ಏನೆಂದು ಹೊಳೆದು ಗುಂಡಿ ಬಿಟ್ಟ, ಮುಖ ಕೆಂಪಾಯಿತು. ಸುರಕ್ಷಾ ಹೊರಗಿನ ಮೋಡಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಅವಳ ಭುಜ ಮಾತ್ರ ಅಲುಗುತ್ತಿತ್ತು.

ಹುಬ್ಬಳ್ಳಿಯಲ್ಲಿ ಇಳಿದು ಇಬ್ಬರೂ ವಿಮಾನದ ಹಿಂದಿನ ಮೆಟ್ಟಿಲ ಬಳಿ ನಿಂತಾಗ, ಕೈಯಲ್ಲಿ ಚೀಲ ಹಿಡಿದ ದಪ್ಪ ಮೀಸೆಯ ಒಬ್ಬ ಹಿರಿಯರು ನೌಫಲ್ ಎದುರು ನಿಂತರು.

"ಅಲ್ಲಿ ಮ್ಯಾಲ ಮಾತಾಡಿದವರು ನೀವೇನ್ರೀ? ಸಹ ಪೈಲಟ್ಟು?"

"ಹೌದು. ಅಂದ್ರೆ, ಅಲ್ಲ," ಎಂದ ನೌಫಲ್.

"ಹಂಗಾದ್ರ ಕ್ಯಾಪ್ಟನ್ ಯಾರ್ರೀ?" ಹಿರಿಯರು ನೌಫಲ್‌ನನ್ನು ಬಿಟ್ಟು ಸುರಕ್ಷಾಳ ಕಡೆ ತಿರುಗಿದರು.

"ಸದ್ಯಕ್ಕೆ ಅವರೇ," ಎಂದಳು ಸುರಕ್ಷಾ.